ಚೀಟಿ ಸಾಹೇಬರ ಮೂರು ಚೀಲ

ಊರಾಚೆ ಹಳ್ಳಕ್ಕೆ ಯಾರೋ ಕದ್ದುಮುಚ್ಚಿ ಕಸ ಸುರಿದಿದ್ದಾರೆಂದರೆ ನಗರಸಭೆ ಕಳಿಸುತ್ತಿದ್ದುದು ಈ ಇನ್‌ಸ್ಪೆಕ್ಟರನ್ನೇ. ಕೋಲಿನಿಂದ ಚೀಲ ಸೀಳಿ, ಒಳಗೊಂದು ಕರೆಂಟ್ ಬಿಲ್ಲೋ ಹಳೇ ಲಕೋಟೆಯೋ ಸಿಕ್ಕರೆ, ಆ ವಿಳಾಸಕ್ಕೆ ದಂಡದ ನೋಟಿಸು. ಜನ 'ಚೀಟಿ ಸಾಹೇಬರು' ಎಂದು ಆಡಿಕೊಳ್ಳುತ್ತಿದ್ದರು. ಒಂದೊಂದು ರಾಶಿ ತೆಗೆಸುವ ಖರ್ಚಿನಲ್ಲಿ ಒಂದು ಶಾಲೆಯ ಸೋರುವ ಮಾಡು ರಿಪೇರಿ ಮಾಡಿಸಬಹುದಿತ್ತು. ಆಡಿಕೊಳ್ಳುವವರಿಗೆ ಅದೆಲ್ಲ ಎಲ್ಲಿ ಗೊತ್ತಾಗಬೇಕು! ಹಳೇ ಸಾಮಾನಿನ ಗಾಡಿಯವನಿಗೆ ಏನೇ ಕೊಟ್ಟರೂ ರಸೀದಿ ಇಸಕೊಳ್ಳಿ, ಇಲ್ಲದಿದ್ದರೆ ಅವನು ಹಳ್ಳಕ್ಕೆ ಸುರಿದ ತಪ್ಪು ನಿಮ್ಮ ತಲೆಗೇ ಎಂದು ಇವರು ಇಪ್ಪತ್ತು ವರ್ಷ ಮನೆಮನೆಗೆ ಹೋಗಿ ಬಾಯಿ ನೋಯುವಷ್ಟು ಹೇಳಿದ್ದರು.

ಹೆಂಡತಿ ತೀರಿಕೊಂಡ ಮೂರನೇ ತಿಂಗಳು, ಅವಳ ಸಾಮಾನು ಕಣ್ಣೆದುರಿಗಿರುವುದನ್ನು ಅವರಿಂದ ತಡೆದುಕೊಳ್ಳಲಾಗಲಿಲ್ಲ. ಮಗಳು ಕೆಲಸಕ್ಕೆ ಹೋದ ಹೊತ್ತು ನೋಡಿ ಬೀರು ಬರಿದು ಮಾಡಿದರು. ಕೈಗೆ ಸಿಕ್ಕಿದ್ದನ್ನೆಲ್ಲ ಮೂರು ಚೀಲಕ್ಕೆ ತುಂಬಿ, ಬೀದಿಯಲ್ಲಿ ಕೂಗಿಕೊಂಡು ಬಂದ ಗಾಡಿಯವನಿಗೆ ಕೊಟ್ಟುಬಿಟ್ಟರು. ಅನಾಥಾಶ್ರಮಕ್ಕೆ ಮುಟ್ಟಿಸುತ್ತೇನೆ ಎಂದ ಅವನು. ರಸೀದಿ ಕೇಳಲು ಸಾಹೇಬರಿಗೆ ಬಾಯೇ ಬರಲಿಲ್ಲ. ಬಾಗಿಲು ಹಾಕಿಕೊಂಡು ಅತ್ತರು. ಸಂಜೆ ಮಗಳು ಸಿಟ್ಟಾದಾಗ, ಅಮ್ಮನ ಬಟ್ಟೆ ಪಾಪ ಯಾರ ಮೈಯನ್ನೋ ಬೆಚ್ಚಗಿಟ್ಟಿರುತ್ತದೆ ಎಂದು ಸಮಾಧಾನ ಹೇಳಿದರು. ಅವಳು ಅದನ್ನೇ ನಂಬಿಕೊಂಡು ಸುಮ್ಮನಾದಳು.

ಹತ್ತು ದಿನಕ್ಕೆ ಹಳ್ಳದಲ್ಲಿ ಮತ್ತೆ ಕಸ ಬಿದ್ದಿದೆಯೆಂದು ಕರೆ ಬಂತು. ಎರಡನೇ ಚೀಲ ಸೀಳಿದಾಗ ಆಸ್ಪತ್ರೆಯ ಚೀಟಿ ಸಿಕ್ಕಿತು. ವಿಳಾಸ ಓದಬೇಕಾಗಿಯೇ ಇರಲಿಲ್ಲ. ಕಸ ಒಯ್ಯಲು ಬಂದಿದ್ದ ಲಾರಿಯ ಡ್ರೈವರ್ ಹತ್ತಿರ ಬಂದು ನೋಡಿ, ದನಿ ತಗ್ಗಿಸಿದ.

"ಹರಿದು ಹಾಕಿಬಿಡಿ ಸಾರ್. ನಾನೇನೂ ನೋಡಿಲ್ಲ."

ಹರಿದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಮಗಳಿಗೂ. ಆದರೆ ಈ ಪುಣ್ಯಾತ್ಮರು ಲಾರಿಯ ಬಾನೆಟ್ ಮೇಲೆ ನೋಟಿಸಿನ ಪುಸ್ತಕ ಇಟ್ಟುಕೊಂಡು ತಮ್ಮ ಹೆಸರನ್ನೇ ಬರೆದರು. ಮೂರು ಚೀಲಗಳ ಫೋಟೋ ತೆಗೆದು, ತೂಕ ಹಾಕಿಸಿ, ಮಿಕ್ಕ ಕಸದ ಜೊತೆ ಲಾರಿಗೆ ಹತ್ತಿಸಿದರು.

ಸಂಜೆ ಆ ನೋಟಿಸನ್ನು ತಾವೇ ಮಗಳ ಕೈಗೆ ಕೊಟ್ಟರು. ಅವಳು ಎರಡು ಸಲ ಓದಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು, ಬೈಯಲಿಲ್ಲ.

"ಅಮ್ಮನ ಕನ್ನಡಕ ಇತ್ತಾ ಅಪ್ಪಾ, ಅದರಲ್ಲಿ?"

"ಇತ್ತು."

"ಅದೊಂದನ್ನಾದ್ರೂ ತರಬಹುದಿತ್ತಲ್ಲ."

"ರಾಶಿಯಿಂದ ಏನೂ ತೆಗೆಯೋ ಹಾಗಿಲ್ಲಮ್ಮ," ಎಂದರು. "ಇಷ್ಟು ವರ್ಷದಲ್ಲಿ ನಾನು ಯಾರಿಗೂ ತೆಗೆಯೋಕೆ ಬಿಟ್ಟಿಲ್ಲ."