ಫುಟ್‌ಪಾತಿನ ಮೇಲೆ ಮೆಕ್ಕೆಜೋಳ

ಆ ಫುಟ್‌ಪಾತ್ ನಮಗೆ ಯಾರೂ ಪುಕ್ಕಟೆ ಕೊಟ್ಟದ್ದಲ್ಲ. ಸಂತೇಬೆನ್ನೂರು ಕಡೆಯ ರಸ್ತೆ ಹೆದ್ದಾರಿಗೆ ಸೇರುವಲ್ಲಿ ಹಳೆಯ ಸರ್ಕಲ್ ಕಿತ್ತು ಮೇಲುಸೇತುವೆ ಕಟ್ಟಲು ಹೊರಟಾಗ, ನಕ್ಷೆಯಲ್ಲಿ ಕಾರಿಗೆ ದಾರಿಯಿತ್ತು, ಲಾರಿಗೆ ದಾರಿಯಿತ್ತು, ನಡೆಯುವವರಿಗೆ ಮಾತ್ರ ಏನೂ ಇರಲಿಲ್ಲ. ಸಾಲು ಹೊಂಗೆಮರಗಳಿಗೆಲ್ಲ ಕಡಿಯಲೆಂದು ಬಣ್ಣ ಬಳಿದಿದ್ದರು. "ನಡ್ಕಂಡು ಹೋಗೋರು ಎಲ್ಲಿ ಹೋಗ್ಬೇಕ್ರೀ?" ಎಂದು ಕೇಳಿದರೆ ಇಂಜಿನಿಯರ್ ಸಾಹೇಬರು, "ಅಮ್ಮಾ, ಈಗ ಯಾರು ನಡೀತಾರೆ?" ಎಂದು ನಕ್ಕರು. ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮಕ್ಕ ನಡೆಯುತ್ತಾಳೆ! ಅದೇ ಸರ್ಕಲ್ಲಿನಲ್ಲಿ ಲಾರಿ ತಗುಲಿ ಕಾಲು ಮುರಿದುಕೊಂಡವಳು, ಆಚೆ ಬದಿಯ ಅಂಗನವಾಡಿಗೆ ಅಡುಗೆ ಮಾಡಲು ದಿನವೂ ಕೋಲೂರಿಕೊಂಡು ಹೋಗುತ್ತಾಳೆ.

ಅವಳಿಗಾಗಿಯೇ ನಾನು ಬಿಸಿಲಲ್ಲಿ ಧರಣಿ ಕೂತೆ. ನಮ್ಮ ಯಜಮಾನರೂ ಪಕ್ಕದಲ್ಲೇ ಕೂತು ಘೋಷಣೆ ಕೂಗಿದರು. ಕೊನೆಗೆ ನಕ್ಷೆ ಬದಲಾಯಿತು. ಮರಗಳು ಉಳಿದವು. ಮಳೆನೀರು ಕೆರೆಗೆ ಹರಿಯಲು ಕಾಲುವೆಯಾಯಿತು. ಸೇತುವೆಯ ಕೆಳಗೆ ಹಾಯ್ದು ಅಂಗನವಾಡಿಯವರೆಗೂ ಅಗಲವಾದ, ನುಣ್ಣನೆಯ ಕಾಂಕ್ರೀಟ್ ಫುಟ್‌ಪಾತ್ ಬಂತು.

ಅದು ಮೆಕ್ಕೆಜೋಳದ ಕೊಯ್ಲಿಗೆ ಸರಿಯಾಗಿ ತಯಾರಾದದ್ದೇ ತಪ್ಪಾಯಿತು. ಅಂಥ ಒಳ್ಳೆಯ ಕಣ ಸಿಕ್ಕರೆ ನಮ್ಮ ಜನ ಬಿಟ್ಟಾರೆಯೇ? ಒಂದು ಬೆಳಿಗ್ಗೆ ಅಕ್ಕನ ಜೊತೆ ಹೋಗಿ ನೋಡುತ್ತೇನೆ, ಸೇತುವೆ ದಾಟಿದ ಮೇಲೆ ಉದ್ದಕ್ಕೂ ಜೋಳ ಹರವಿದ್ದಾರೆ. ಕಾಲಿಡಲು ಜಾಗವಿಲ್ಲ.

"ಚಪ್ಪಲಿ ಬಿಟ್ಟು ದಾಟಿಬಿಡಾಣ ಬಾರೇ ಅಕ್ಕ" ಎಂದೆ.

"ಉಣ್ಣೋ ಕಾಳು ತುಳಿದು ಯಾವ ನರಕಕ್ಕೆ ಹೋಗ್ಲಿ? ಸುಮ್ನಿರೇ" ಎಂದವಳೇ ಹೆದ್ದಾರಿಗೆ ಇಳಿದಳು.

ಹಿಂದಿನಿಂದ ಬಂದ ಟಿಪ್ಪರ್ ಅವಳ ಸೆರಗು ಹಾರಿಸಿಕೊಂಡು ಹೋಯಿತು. ಕೋಲು ಕೈಜಾರಿ ಬಿತ್ತು. ರಟ್ಟೆ ಹಿಡಿದು ಮೇಲಕ್ಕೆ ಎಳೆದುಕೊಂಡು, ಕೋಲು ಎತ್ತಿಕೊಟ್ಟೆ. ಭಯಕ್ಕಿಂತ ಸಿಟ್ಟೇ ಹೆಚ್ಚಾಗಿತ್ತು. ಯಾರದು ಈ ಜೋಳ ಎಂದು ತಲೆಯೆತ್ತಿದರೆ, ಹರವುವ ಹಲಗೆ ಹಿಡಿದು ನಿಂತವರು ನಮ್ಮ ಯಜಮಾನರೇ!

"ನಾಚಿಕೆ ಆಗಲ್ವಾ ನಿಮಗೆ? ಧರಣಿ ಕೂತಿದ್ದು ಇದಕ್ಕಾ?"

"ಎಲ್ಲಾರೂ ಹಾಕ್ಯಾರೆ, ನಾನೊಬ್ಬ ಬಿಟ್ರೆ ಏನಾಗ್ತೈತೆ? ಎರಡು ಬಿಸಿಲು ಕಾಣ್ಲಿ, ತೆಗೀತೀನಿ. ಅಲ್ಲೀಗಂಟ ಸುತ್ತಾಕ್ಕಂಡು ಹೋಗಾಕೆ ಏನು ಕಷ್ಟ?"

ಕೋಲೂರುವವಳು ಸುತ್ತು ಹಾಕಬೇಕಂತೆ! ಅವರ ಕೈಯಿಂದ ಹಲಗೆ ಕಿತ್ತುಕೊಂಡು, ಒಬ್ಬರು ನಡೆಯುವಷ್ಟು ಅಗಲಕ್ಕೆ ಜೋಳವನ್ನು ಡಾಂಬರಿಗೆ ತಳ್ಳುತ್ತಾ ಹೋದೆ. ಬಂದ ಲಾರಿ ಅದನ್ನು ನುಗ್ಗುನುರಿ ಮಾಡಿತು.

"ಲೇ, ಅನ್ನ ಕಣೇ ಅದು!" ಎಂದು ತಲೆಯ ಮೇಲೆ ಕೈಹೊತ್ತು ಕಿರುಚಿದರು. ಅಕ್ಕ ಟಿಪ್ಪರಿಗೆ ಸಿಗುವುದರಲ್ಲಿದ್ದಾಗ ತುಟಿ ಬಿಚ್ಚದವರು!

ಅಕ್ಕನಿಗೂ ನನ್ನ ಮೇಲೆ ವಿಪರೀತ ಸಿಟ್ಟು ಬಂತು. ಕಾಳು ಹಾಳು ಮಾಡಿದವಳೆಂದು ಬೈಯುತ್ತಲೇ, ನಾನು ಬಿಡಿಸಿದ ಜಾಗದಲ್ಲಿ ನಡೆದು ಅಂಗನವಾಡಿ ಮುಟ್ಟಿದಳು.