ತಾಳಕ್ಕೆ ಒದಗಿದ ಮೊಣಕಾಲು

ಎಪ್ಪತ್ತರ ದಶಕದ ಒಂದು ಸಂಜೆ, ಉಡುಪಿಯಿಂದ ಹೊರಟ ಬಸ್ಸಿನಲ್ಲಿ ಪಕ್ಕದ ಹಿರಿಯರು ಕಣ್ಣು ಮುಚ್ಚಿ ಗುನುಗುತ್ತ ನನ್ನ ಮೊಣಕಾಲಿನ ಮೇಲೆ ತಾಳ ಹಾಕತೊಡಗಿದರು.

“ಸಂಗೀತದ ಮಾಷ್ಟ್ರು. ಹೊಸ ಕೀರ್ತನೆ ಕಟ್ಟುವುದು. ನಾಳೆ ಮಕ್ಕಳಿಗೆ ಕಲಿಸ್ಲಿಕ್ಕುಂಟು, ಚರಣ ಕೂಡಿ ಬರುವುದಿಲ್ಲವಂತೆ. ಅಲ್ಲಾಡಬೇಡಿ ಮಾರಾಯ್ರೆ,” ಎಂದು ಕಂಡಕ್ಟರ್ ಪಿಸುಗುಟ್ಟಿದ.

ನಾಡಿನ ಸಂಗೀತದ ಭವಿಷ್ಯವನ್ನು ಹೊತ್ತು ನಾನು ಕದಲದೆ ಕುಳಿತೆ. ಇಳಿಯಬೇಕಿದ್ದ ಕಾಪು, ದೀಪಸ್ತಂಭದ ಬೆಳಕಿನೊಡನೆ ತೆಂಗುಗಳ ನಡುವೆ ತೇಲಿ ಹೋಯಿತು. ಕಂಡಕ್ಟರನೂ ಸೀಟಿಯನ್ನು ಮೆಲ್ಲಗೆ ಊದಿದ. ಹೆಜಮಾಡಿಯಲ್ಲಿ ಮಾಷ್ಟ್ರು ಕಣ್ಣು ತೆರೆದರು.

“ಸಿಕ್ಕಿತು! ಕಾಪು ಬಂತಾ?”

“ದಾಟಿ ಆಯ್ತು. ನಾನೂ ಅಲ್ಲೇ ಇಳಿಯಬೇಕಿತ್ತು.”

“ಎಂತ ಮಾರಾಯ್ರೆ, ಹೇಳ್ಬಾರ್ದಾ!”

ತಿರುಗಿ ಹೋಗುವ ಬಸ್ಸು ಬರುವ ತನಕ, ಕಡಲಗಾಳಿಯಲ್ಲಿ ನಿಂತು ಅವರು ಇಡೀ ಕೀರ್ತನೆ ಹಾಡಿದರು.

ಈಗ ಅದನ್ನು ಯಾರ್ಯಾರೋ ಹಾಡುತ್ತಾರೆ. ಮೊದಲು ಕೇಳಿದವನು ನಾನೆಂದರೆ ಮನೆಯವರೂ ನಂಬುವುದಿಲ್ಲ. ಚರಣ ಬಂದಾಗ ನಾನು ಮಾತ್ರ ತುಸು ನೆಟ್ಟಗೆ ಕುಳಿತುಕೊಳ್ಳುತ್ತೇನೆ.