ಪೊರ್ಬುಗಳ ಬಿದಿರುಕೋಲುಗಳು

ಬೆಳಗಿನ ಪ್ರಾರ್ಥನೆಯಾದ ಮೇಲೆ ಬಲ್ಮಠದ ಆಂಬ್ರೋಸ್ ಪೊರ್ಬುಗಳು ತಮ್ಮ ಗಾಳದ ಕೋಲುಗಳನ್ನೆಲ್ಲ ಮೆತ್ತಗಿನ ಬಟ್ಟೆಯಿಂದ ಒರೆಸದೆ ಕಾಫಿ ಮುಟ್ಟುವವರಲ್ಲ. ಬಿದಿರನ್ನು ಸೀಳಿ, ಪಟ್ಟಿಗಳನ್ನು ಅಂಟಿಸಿ ಮಾಡಿದ ಆ ಹಳೆಯ ಕೋಲುಗಳು ಸ್ವದೇಶಕ್ಕೆ ಮರಳಿದ ಇಂಗ್ಲಿಷ್ ದೊರೆಗಳು ಏಲಂ ಹಾಕಿ ಹೋದಂಥವು. ನೆಲದ ತೇವಕ್ಕೆ ಅಂಟು ಬಿಟ್ಟೀತೆಂದು ಅವು ಮಂಚದ ಮೇಲೆ ಮಲಗುತ್ತವೆ, ಪೊರ್ಬುಗಳು ಚಾಪೆಯ ಮೇಲೆ. ಇಷ್ಟು ಸೇವೆ ಮಾಡಿಸಿಕೊಂಡೂ ಅವು ಈವರೆಗೆ ಒಂದು ಮೀನನ್ನೂ ಹಿಡಿದಿಲ್ಲ. “ಈ ಕೋಲುಗಳಿಗೆ ಸಿಕ್ಕಿಬಿದ್ದದ್ದು ನಾನೊಬ್ಬನೇ ಮಾರಾಯ, ಮೀನುಗಳಿಗೆ ನನಗಿಂತ ಬುದ್ಧಿ ಉಂಟು,” ಎಂದು ಅವರೇ ನಗುತ್ತಾರೆ. ಆದರೂ ಮಾಂಸ ಮುಟ್ಟದ ಶುಕ್ರವಾರ ಅವರು ನೇತ್ರಾವತಿಗೆ ಹೊರಟರೆ, ಹೆಂಡತಿ ಬರ್ನಡೆಟ್ ಮೀನಿಗೆಂದು ಮಸಾಲೆ ಅರೆದಿಟ್ಟು, ಗಂಡನಿಗೆ ಒಂದಾದರೂ ಸಿಗಲೆಂದು ಸಂತ ಅಂತೋನಿಗೆ ಹರಕೆ ಹೊತ್ತು ಕಾಯುತ್ತಾರೆ. ಕೊನೆಗೆ ಆ ಮಸಾಲೆಗೆ ಸೌತೆಕಾಯಿ ಬೀಳುತ್ತದೆ. ಕಳೆದ ಶುಕ್ರವಾರ ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಮೀನು ಮಾರುವ ಮೊಯ್ದೀನಬ್ಬ ಕನಿಕರಪಟ್ಟು ಎರಡು ಕಾಣೆ ಮೀನು ಮುಂದೆ ಹಿಡಿದ. “ಎಂತ ಪೊರ್ಬುಗಳೇ, ಇವತ್ತೂ ಖಾಲಿಯಾ? ಇದನ್ನು ಕೊಂಡುಹೋಗಿ. ನೀವೇ ಹಿಡಿದದ್ದು ಅಂತ ಹೇಳಿದರೆ ಮನೆಯಲ್ಲಿ ಬಾಯಮ್ಮ ನಂಬ್ತಾರೆ.” ಪೊರ್ಬುಗಳು ಕೈ ಹಿಂದಕ್ಕೆ ಕಟ್ಟಿಕೊಂಡರು. “ನಂಬ್ತಾಳೆ ಮಾರಾಯ, ಅದಕ್ಕೇ ಬೇಡ. ಹರಕೆ ಸಂದಿತು ಅಂತ ನಾಳೆಯೇ ಇಗರ್ಜಿಯಲ್ಲಿ ಮೇಣದಬತ್ತಿ ಹೊತ್ತಿಸ್ತಾಳೆ. ಅವಳ ಪಕ್ಕದಲ್ಲಿ ನಾನು ಹೇಗೆ ಮೊಣಕಾಲೂರುದು?”